ಇವತ್ತು ಏನು ಬರೆಸಿದ್ರಿ, ಟೀಚರ್?

ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಹೋಗಲು ಬರುವವರು ಗೇಟಿನ ಹತ್ತಿರ ಮೊದಲು ಕೇಳುವ ಪ್ರಶ್ನೆ ಇದೇ. ನಾನು ಕೊಡಗಿನ ವಿರಾಜಪೇಟೆ ಕಡೆಯ ಒಂದು ಸಣ್ಣ ಶಿಶುವಿಹಾರದಲ್ಲಿ ಟೀಚರ್. ಮೂರರಿಂದ ಆರು ವರ್ಷದ ಮಕ್ಕಳು. ಹಿಂದೆ ಕಾಫಿ ತೋಟ, ಕೆಳಗೆ ಗದ್ದೆ. ದಿನದ ಅರ್ಧಕ್ಕಿಂತ ಜಾಸ್ತಿ ಹೊತ್ತು ನಮ್ಮ ಮಕ್ಕಳು ಹೊರಗೇ ಇರುತ್ತಾರೆ. ಬರೆಸುವುದು ತುಂಬಾ ಕಡಿಮೆ. ‘ಏನೂ ಬರೆಸಿಲ್ಲ, ಆಡಿದ್ರು’ ಅಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಫೀಸು ಕಟ್ಟಿದ್ದು ಆಡೋದಕ್ಕಾ ಅನ್ನಿಸುತ್ತದೆ. ಅವರದ್ದು ತಪ್ಪಲ್ಲ. ಪಕ್ಕದ ಮನೆಯ ಮಗು ಆಗಲೇ ನೂರರವರೆಗೆ ಬರೆಯುತ್ತಿರುತ್ತದೆ.

ಈ ಕೆಲಸದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಒಂದೇ. ಮಕ್ಕಳನ್ನು ಆಡಲು ಬಿಟ್ಟರೆ ಟೀಚರ್ ಕೆಲಸ ಮುಗಿಯುವುದಿಲ್ಲ. ಆಡುವಾಗ ಅವರು ಏನು ಮಾಡಿದರು ಅಂತ ನೋಡಬೇಕು. ನೋಡಿದ್ದನ್ನು ಮನೆಯವರಿಗೆ ಬಿಡಿಸಿ ಹೇಳಬೇಕು. ವರ್ಕ್‌ಶೀಟ್ ಆದರೆ ತಾನೇ ಲೆಕ್ಕ ಕೊಡುತ್ತದೆ. ಹತ್ತು ಸಾಲು, ಒಂದು ಕೆಂಪು ಟಿಕ್, ಮೇಲೊಂದು ಸ್ಟಾರ್. ಆಟ ಹಾಗಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ಗುರುತು ಅಂತ ಉಳಿಯುವುದು ಬಟ್ಟೆಯ ಮೇಲಿನ ಕೆಂಪು ಮಣ್ಣು ಮಾತ್ರ.

ಜೂನ್ ಶುರುವಿನ ಒಂದು ಬೆಳಿಗ್ಗೆ ಹೇಳುತ್ತೇನೆ. ರಾತ್ರಿಯೆಲ್ಲ ಹೊಡೆದ ಮಳೆ ಆಗಷ್ಟೇ ಹೊಳವಾಗಿತ್ತು. ಮಾಡಿನ ನೀರು ಇಳಿದು ಅಂಗಳದ ಅಂಚಿನಲ್ಲಿ ಸಣ್ಣ ತೋಡು ಹರಿಯುತ್ತಿತ್ತು. ನಾಲ್ಕೈದು ಮಕ್ಕಳು ಗಮ್‌ಬೂಟ್ ಹಾಕಿಕೊಂಡು ಅದಕ್ಕೆ ಕಟ್ಟೆ ಕಟ್ಟಲು ಹೊರಟರು. ಮೊದಲು ಬರೀ ಮಣ್ಣು ಹಾಕಿದರು. ಕೊಚ್ಚಿಕೊಂಡು ಹೋಯಿತು. ಒಬ್ಬಳು ಉದುರಿದ ಸಿಲ್ವರ್ ಓಕ್ ಎಲೆ ತಂದು ಮಣ್ಣಿನ ಮೇಲೆ ಹೊದಿಸಿದಳು. ಅದೂ ನಿಲ್ಲಲಿಲ್ಲ. ಆಗ ಒಬ್ಬ ಹುಡುಗ ‘ಕಲ್ಲು ಮೊದಲು’ ಅಂದ. ಅವನ ಮನೆಯ ಮುಂದೆಯೇ ಗದ್ದೆ. ಅಪ್ಪ ಒಡೆದ ಬದುವನ್ನು ಸರಿಮಾಡುವುದನ್ನು ನೋಡಿದ್ದಾನೆ. ದೊಡ್ಡ ಕಲ್ಲು ಅವನೊಬ್ಬನ ಕೈಯಲ್ಲಿ ಏಳಲಿಲ್ಲ. ಪಕ್ಕದಲ್ಲಿ ಮಣ್ಣಿನ ಪಾಯಸ ಮಾಡುತ್ತಿದ್ದ ಹುಡುಗಿಯನ್ನು ಕರೆದ. ಅವಳು ಒಲ್ಲೆ ಅಂದಳು. ‘ಆಮೇಲೆ ನಿನ್ನ ಪಾಯಸಕ್ಕೆ ನೀರು ಬಿಡ್ತೀನಿ’ ಅಂದ ಮೇಲೆ ಎದ್ದು ಬಂದಳು. ಅಡಿಗೆ ಕಲ್ಲು, ಸಂದಿಗೆ ಎಲೆ, ಮೇಲೆ ಮಣ್ಣು. ನೀರು ನಿಂತಿತು. ಸ್ವಲ್ಪ ಹೊತ್ತಿಗೆ ಪಕ್ಕದಿಂದ ಜಾರಿ ಹರಿಯಿತು. ‘ಯಾಕೆ ಆ ಕಡೆ ಹೋಗುತ್ತೆ?’ ಒಬ್ಬನ ಪ್ರಶ್ನೆ. ಎಲ್ಲರೂ ಕುಕ್ಕರಗಾಲಲ್ಲಿ ಕೂತು ನೋಡಿದರು. ‘ಅಲ್ಲಿ ತಗ್ಗು ಇದೆ’ ಅಂತ ಕಂಡುಕೊಂಡವಳು ಮಾತೇ ಕಡಿಮೆ ಆಡುವ ಹುಡುಗಿ.

ಅಷ್ಟು ಹೊತ್ತೂ ನಾನು ಜಗಲಿಯಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಉತ್ತರ ನಾಲಿಗೆ ತುದಿಯಲ್ಲೇ ಇತ್ತು, ಹೇಳಲಿಲ್ಲ. ಕಲ್ಲು ಬೆರಳಿನ ಮೇಲೆ ಬೀಳಬಹುದು ಅನ್ನಿಸಿದಾಗ ಮಾತ್ರ ಎದ್ದು ಹತ್ತಿರ ನಿಂತೆ. ಹೊರಗಿನವರಿಗೆ ಇದು ಸುಮ್ನೆ ಕೂತಂತೆ ಕಾಣುತ್ತದೆ. ನನ್ನ ಮಟ್ಟಿಗೆ ದಿನದಲ್ಲಿ ಅತಿ ಕಷ್ಟದ ಕೆಲಸ ಇದೇ. ದೊಡ್ಡವರ ಒಂದು ಮಾತು ಬಿದ್ದರೆ ಸಾಕು, ಆ ಕಟ್ಟೆ ಮಕ್ಕಳದ್ದಾಗಿ ಉಳಿಯುವುದಿಲ್ಲ.

ಮಧ್ಯಾಹ್ನ ಆ ಹುಡುಗನ ಅಮ್ಮನಿಗೆ ನೋಡಿದ್ದನ್ನು ನೋಡಿದ ಹಾಗೇ ಹೇಳಿದೆ. ಯಾವುದು ನಿಲ್ಲಲಿಲ್ಲ, ಆಮೇಲೆ ಏನು ಮಾಡಿದ, ಯಾರನ್ನು ಹೇಗೆ ಒಪ್ಪಿಸಿದ, ಎಲ್ಲ. ‘ಮನೇಲಿ ಐದು ನಿಮಿಷ ಒಂದು ಕಡೆ ಕೂರಲ್ಲ ಟೀಚರ್, ಇಲ್ಲಿ ಅಷ್ಟು ಹೊತ್ತು ಒಂದೇ ಕೆಲಸ ಮಾಡಿದ್ನಾ?’ ಅಂತ ಅವರು ಕೇಳಿದರು. ಬಟ್ಟೆ ಕೊಳೆಯ ಮಾತು ಅಂದು ಬರಲೇ ಇಲ್ಲ. ಮರುದಿನ ಅಪ್ಪ ಬಂದರು. ಮಗ ಅವರ ಕೈ ಹಿಡಿದು ಆ ಜಾಗಕ್ಕೆ ಎಳೆದುಕೊಂಡು ಹೋದ. ಕೆಲಸಕ್ಕೆ ಹೊತ್ತಾದರೂ ಅವರು ಕೂತು ಕೇಳಿದರು. ‘ಮಗು ಆಟದಿಂದ ಕಲಿಯುತ್ತದೆ’ ಅಂತ ನಾನು ಮೀಟಿಂಗಿನಲ್ಲಿ ಎಷ್ಟು ಭಾಷಣ ಮಾಡಿದರೂ ಆಗದ್ದು ಇಂಥ ಒಂದು ವಿವರದಿಂದ ಆಗುತ್ತದೆ.

ಬರವಣಿಗೆಯ ಚಿಂತೆಗೂ ನಾನು ಹೀಗೇ ನೇರವಾಗಿ ಉತ್ತರ ಕೊಡುತ್ತೇನೆ. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಮೂರು ನಾಲ್ಕು ವರ್ಷದಲ್ಲಿ ಅವೆಲ್ಲ ಗಟ್ಟಿಯಾಗಿರುವುದಿಲ್ಲ, ಕೆಲವು ಇನ್ನೂ ಮೆದು ಮೃದ್ವಸ್ಥಿ. ಬೆರಳಿನಲ್ಲಿ, ಅಂಗೈಯಲ್ಲಿ ಇನ್ನೂ ಕಸುವು ಬರಬೇಕು. ಆ ಕೈಗೆ ಪೆನ್ಸಿಲ್ ಕೊಟ್ಟು ಸಾಲು ಸಾಲು ಬರೆಸಿದರೆ ಮಗು ಮುಷ್ಟಿ ಬಿಗಿಹಿಡಿದು ಒತ್ತಿ ಬರೆಯುತ್ತದೆ, ಬೇಗ ಸುಸ್ತಾಗುತ್ತದೆ. ಅದೇ ಕೈ ಮಣ್ಣು ಕಲಸಲಿ, ಒದ್ದೆ ಬಟ್ಟೆ ಹಿಂಡಲಿ, ಕಿತ್ತಳೆ ಸುಲಿಯಲಿ. ಕಿತ್ತಳೆಯ ಕಾಲದಲ್ಲಿ ನಮ್ಮಲ್ಲಿ ತಿಂಡಿ ಹೊತ್ತಿಗೆ ಯಾರಿಗೂ ಸುಲಿದು ಕೊಡುವುದಿಲ್ಲ. ಹೆಬ್ಬೆರಳು ಚುಚ್ಚಿ, ಸಿಪ್ಪೆ ಎಬ್ಬಿಸಿ, ತೊಳೆ ಒಡೆಯದ ಹಾಗೆ ಬಿಡಿಸಬೇಕು. ರಸ ಕಣ್ಣಿಗೆ ಹಾರುತ್ತದೆ, ಅಂಗಿ ಹಾಳಾಗುತ್ತದೆ. ಆದರೆ ಮುಂದೆ ಪೆನ್ಸಿಲ್ ಹಿಡಿಯುವುದೂ ಅದೇ ಹೆಬ್ಬೆರಳು, ತೋರುಬೆರಳು.

ಮೈಗೂ ಆಟ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ, ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈಕೈ ಆಡಬೇಕು. ಅದರಲ್ಲಿ 60 ನಿಮಿಷವಾದರೂ ಓಡಿ ಏದುಸಿರು ಬರುವಂಥ ಆಟ ಇರಬೇಕು. ಸ್ಕ್ರೀನ್ ಮುಂದೆ ಒಂದು ಗಂಟೆಗಿಂತ ಜಾಸ್ತಿ ಬೇಡ. ಬಯಲು ಬೆಳಕಿನಲ್ಲಿ ಹೆಚ್ಚು ಹೊತ್ತು ಇರುವ ಮಕ್ಕಳಿಗೆ ಸಮೀಪದೃಷ್ಟಿ ಬರುವುದು ಕಡಿಮೆ ಅಂತ ಕಣ್ಣಿನ ಡಾಕ್ಟರುಗಳೂ ಹೇಳುತ್ತಾರೆ.

ಒಮ್ಮೆ ಒಬ್ಬ ತಂದೆ ‘ಇದೆಲ್ಲ ಫಾರಿನ್ ಫ್ಯಾಷನ್ ಅಲ್ವಾ?’ ಅಂದರು. ಜರ್ಮನಿಯ ಫ್ರೋಬೆಲ್ 1837ರಲ್ಲಿ ಮಕ್ಕಳ ಆಟದ ಶಾಲೆ ಶುರು ಮಾಡಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟದ್ದು ನಿಜ. ಆದರೆ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದದ್ದು 1920ರಲ್ಲಿ. ಅಲ್ಲಿ ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡ್ ಕಡೆ ಅನುತಾಯಿ ವಾಘ್ ಜೊತೆ ಸೇರಿ ಆದಿವಾಸಿ ಹಾಡಿಗಳ ಅಂಗಳದಲ್ಲೇ ಮಕ್ಕಳ ಶಾಲೆ ನಡೆಸಿದರು. ದನ ಮೇಯಿಸುವ ಮಕ್ಕಳಿಗೆ ಅವರು ಹುಲ್ಲುಗಾವಲಿನಲ್ಲೇ ಪಾಠ ಮಾಡಿದರು. ಎಲೆ, ಬೀಜ, ಚಿಪ್ಪು, ಕಲ್ಲುಗಳೇ ಪಾಠದ ಸಾಮಾನು. ನಮ್ಮ ಹಳ್ಳಿಗಳ ಅಂಗನವಾಡಿ ಹಿಂದೆ ಇಂಥವರ ದುಡಿಮೆ ಇದೆ. ಈಗ ನೋಡಿ, 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಬುನಾದಿ ಹಂತದ, ಅಂದರೆ ಮೂರರಿಂದ ಎಂಟು ವರ್ಷದವರ, ಕಲಿಕೆಗೆ ಆಟವೇ ಮೂಲ ಅನ್ನುತ್ತದೆ. ಆರು ವರ್ಷದೊಳಗಿನವರಿಗೆ ಪಠ್ಯಪುಸ್ತಕ ಬೇಕಿಲ್ಲ ಅನ್ನುತ್ತದೆ. ಇಷ್ಟಾದರೂ ಎಲ್‌ಕೆಜಿ ಮಕ್ಕಳ ಬ್ಯಾಗು ಭಾರವಾಗುತ್ತಲೇ ಇರುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಮಕ್ಕಳ ಆಟದಿಂದ ಮನೆಗಳಿಗೆ ಏನಾಗುತ್ತದೆ ಅನ್ನುವುದು ನನಗೆ ಚೆನ್ನಾಗಿ ಕಂಡದ್ದು ಕಕ್ಕಡದಲ್ಲಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆ ತಿಂಗಳಲ್ಲಿ ಮಳೆ ಬಿಡುವುದೇ ಇಲ್ಲ. ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಮಾಡುವುದು ಕೊಡಗಿನವರಿಗೆಲ್ಲ ಗೊತ್ತು. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರಿರುತ್ತದೆ ಅನ್ನುವುದು ನಂಬಿಕೆ. ಒಬ್ಬ ಹುಡುಗಿಯ ಅಜ್ಜಿ ಸೊಪ್ಪು ಹಿಡಿದುಕೊಂಡು ನಮ್ಮಲ್ಲಿಗೇ ಬಂದರು. ಮಕ್ಕಳು ಎಲೆ ಕಿತ್ತರು, ಮೂಸಿದರು. ಪಾತ್ರೆಗೆ ಹಾಕುವ ಮೊದಲು ‘ನೀರು ಯಾವ ಬಣ್ಣ ಆಗುತ್ತೆ?’ ಅಂತ ಅಜ್ಜಿ ಕೇಳಿದರು. ಎಲ್ಲರದೂ ಒಂದೇ ಉತ್ತರ: ಹಸಿರು. ಎಲೆ ಹಸಿರು ತಾನೇ! ಕುದಿಯುತ್ತಾ ಕುದಿಯುತ್ತಾ ನೀರು ನೇರಳೆಗೆ ತಿರುಗಿತು. ಆ ಕೂಗಾಟ ನೀವು ಕೇಳಬೇಕಿತ್ತು. ‘ಬೇರೆ ಎಲೆ ಹಾಕಿದ್ರೂ ಹೀಗೇ ಆಗುತ್ತಾ?’ ಅಂತ ಒಬ್ಬ ಕೇಳಿದ. ಹಾಗಾಗಿ ಮರುದಿನ ದಾಸವಾಳದ ಎಲೆ, ಸೀಬೆ ಎಲೆ ಕುದಿಸಿದೆವು. ಆಗಲಿಲ್ಲ. ಪಾಯಸ ತಿಂದ ಮೇಲೆ ಉಚ್ಚೆಯ ಬಣ್ಣವೂ ಬದಲಾಗಿದೆ ಅಂತ ಮಕ್ಕಳು ಬಂದು ಬಂದು ವರದಿ ಒಪ್ಪಿಸಿದರು.

ಅಂದಿನಿಂದ ಆ ಅಜ್ಜಿ ಮೊಮ್ಮಗಳ ಜೊತೆ ನಡೆದುಕೊಂಡೇ ಬರುತ್ತಾರೆ. ದಾರಿಯಲ್ಲಿ ಯಾವ ಗಿಡ, ಯಾವ ಹಕ್ಕಿ ಅಂತ ಇಬ್ಬರ ಮಾತು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವ ಆ ಮನೆಯಲ್ಲಿ ಅಜ್ಜಿಯ ಕೆಲಸ ಮಗುವಿಗೆ ಊಟ ಮಾಡಿಸಿ ಟಿವಿ ಹಾಕಿಕೊಡುವುದಷ್ಟೇ ಆಗಿತ್ತಂತೆ. ಎರವ ಆದಿವಾಸಿಗಳ ಹಾಡಿಯ ಒಬ್ಬ ಹುಡುಗನ ಅಜ್ಜ ಗದ್ದೆ ಬದುವಿನಲ್ಲಿ ಏಡಿ ಬಿಲ ಯಾವುದು, ಕೈ ಹಾಕಲೇಬಾರದ ಬಿಲ ಯಾವುದು ಅಂತ ತೋರಿಸಿಕೊಟ್ಟರು. ಅದನ್ನು ನಾನೂ ಅವತ್ತೇ ಕಲಿತೆ. ಶಾಲೆ ಅಂದರೆ ಹೊರಗೇ ನಿಲ್ಲುತ್ತಿದ್ದವರು ಒಳಗೆ ಬಂದು ಕೂತರು.

ನಮ್ಮ ಅಂಗಳದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಎರವ ಭಾಷೆ ಎಲ್ಲ ಕೇಳಿಸುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಬರುವ ಅಸ್ಸಾಮಿನ ಮಕ್ಕಳೂ ಸೇರಿಕೊಳ್ಳುತ್ತಾರೆ. ಅವರನ್ನು ಬೆಂಚಿನ ಮೇಲೆ ಕೂರಿಸಿ ಅ ಆ ಇ ಈ ಹೇಳಿಸಿದರೆ ಬಾಯಿ ತೆರೆಯುವುದಿಲ್ಲ. ಹಗ್ಗ ಎಳೆಯುವಾಗ ‘ಬಿಡ್ಬೇಡ, ಎಳಿ’ ಅನ್ನುವ ಕನ್ನಡ ತಾನಾಗಿ ಬರುತ್ತದೆ.

ಅಪಾಯದ ಮಾತನ್ನು ನಾನು ಮುಚ್ಚಿಡುವುದಿಲ್ಲ, ಮುಚ್ಚಿಡಲೂಬಾರದು. ಕೊಡಗಿನಲ್ಲಿ ಹೊರಗೆ ಬಿಡುವುದು ಅಂದರೆ ಜಿಗಣೆ, ಚಗಳಿ ಇರುವೆ, ಹಾವು, ಆನೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ಬೆಳಿಗ್ಗೆ ಮಕ್ಕಳು ಬರುವ ಮೊದಲು ನಾನು, ಆಯಾ ಇಬ್ಬರೂ ಕೋಲು ಹಿಡಿದು ಅಂಗಳ ಸುತ್ತುತ್ತೇವೆ. ತೋಟದಲ್ಲಿ ಆನೆ ಇದೆ ಅಂತ ತೋಟದ ಲೆಕ್ಕ ನೋಡುವ ರೈಟರ್ ಫೋನ್ ಮಾಡಿದರೆ ಆ ದಿನ ಗೇಟು ದಾಟುವುದಿಲ್ಲ. ಮಳೆಗೆ ಮುಂಚೆ ಕಾಫಿಗೆ, ಮೆಣಸಿಗೆ ರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ತೋಟದ ಕಡೆ ತಲೆಯೇ ಹಾಕುವುದಿಲ್ಲ. ನನಗೆ ಜಾಸ್ತಿ ಭಯ ಹಾವಿನದ್ದಲ್ಲ, ತೋಟದ ಕೆರೆಯದ್ದು. ಬೇಲಿ ಇಲ್ಲದ ಕೆರೆಯ ಹತ್ತಿರ ಮಕ್ಕಳನ್ನು ಕರೆದುಕೊಂಡು ಹೋಗುವುದೇ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದದ್ದನ್ನು ಕಂಡ ಮನೆಗಳಿಗೆ ಜೋರು ಮಳೆ ಅಂದರೆ ಇಂದಿಗೂ ಎದೆ ನಡುಗುತ್ತದೆ. ಮಳೆ ಜೋರಾದ ದಿನ ಅವರು ಮಗುವನ್ನು ಕಳಿಸದಿದ್ದರೆ ಯಾಕೆ ಅಂತ ನಾನು ಕೇಳುವುದಿಲ್ಲ. ಒಳಗೆ ಆಡುವ ದಿನಗಳಲ್ಲಿ ಕಾಳು, ಬೀಜ ವಿಂಗಡಿಸಲು ಕೊಡುತ್ತೇವೆ. ಆಗ ಕಣ್ಣು ಕೀಳುವ ಹಾಗಿಲ್ಲ, ಕಾಳು ಮೂಗಿಗೆ ಹೋಗಲು ಒಂದು ನಿಮಿಷ ಸಾಕು.

ತಾಯಂದಿರ ಒಂದು ದೂರು ನೂರಕ್ಕೆ ನೂರು ನ್ಯಾಯ: ‘ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ ಟೀಚರ್.’ ದಿನಾ ಕೆಸರು ಬಟ್ಟೆ ಮನೆಗೆ ಕಳಿಸಿದರೆ ಆಟದ ಮೇಲೆ ಯಾರಿಗೆ ಪ್ರೀತಿ ಬರುತ್ತದೆ? ಅದಕ್ಕೇ ಆಟದ ಬಟ್ಟೆ ಈಗ ನಮ್ಮಲ್ಲೇ ಇರುತ್ತದೆ. ಅಣ್ಣ ಅಕ್ಕಂದಿರ ಹಳೆಯ ಅಂಗಿ ಚಡ್ಡಿ ತಂದುಕೊಡಿ ಅಂದೆವು. ಬೆಳಿಗ್ಗೆ ಬದಲಾಯಿಸುತ್ತೇವೆ, ಮಧ್ಯಾಹ್ನ ಜಾಲಿಸಿ ಅಡುಗೆಮನೆಯ ಒಲೆ ಮೇಲಿನ ಹಗ್ಗಕ್ಕೆ ಹಾಕುತ್ತೇವೆ. ಬಟ್ಟೆಗೆಲ್ಲ ಹೊಗೆ ವಾಸನೆ. ಮಕ್ಕಳಿಗೆ ಅದರ ಚಿಂತೆ ಇಲ್ಲ. ಮಣ್ಣು ಮುಟ್ಟಲು ಇಷ್ಟಪಡದ ಮಕ್ಕಳೂ ಇರುತ್ತಾರೆ. ಅವರಿಗೆ ಬಲವಂತ ಮಾಡುವುದಿಲ್ಲ. ಜಗಲಿಯಲ್ಲಿ ಕೂತು ಬೇರೆಯವರ ಆಟ ನೋಡುವುದೂ ಆಟದಲ್ಲಿ ಸೇರುವ ದಾರಿಯೇ.

ಇನ್ನು ‘ಒಂದನೇ ಕ್ಲಾಸಿನಲ್ಲಿ ಹಿಂದೆ ಬೀಳಲ್ವಾ?’ ಅನ್ನುವುದು. ಕೊನೆಯ ವರ್ಷದ ಮಕ್ಕಳು ತಮ್ಮ ಹೆಸರು ಬರೆಯುತ್ತಾರೆ. ಕಥೆ ಹೇಳುತ್ತಾರೆ, ಪದ ಯಾವ ಸದ್ದಿನಿಂದ ಶುರುವಾಗುತ್ತದೆ ಅಂತ ಹಿಡಿಯುತ್ತಾರೆ, ಎಣಿಸುತ್ತಾರೆ. ನೋಟ್‌ಬುಕ್ಕಿನ ಸಾಲಿನೊಳಗೆ ನೀಟಾಗಿ ಬರೆಯಲು ಕೆಲವರಿಗೆ ಮೊದಮೊದಲು ಕಷ್ಟವಾಗುತ್ತದೆ. ಹಾಗಂತ ಅಡ್ಮಿಷನ್ ದಿನವೇ ಮನೆಯವರಿಗೆ ಹೇಳಿರುತ್ತೇನೆ.

ನಮ್ಮಲ್ಲಿಗೆ ಹೊಸದಾಗಿ ಬರುವ ಟೀಚರ್‌ಗಳಿಗೆ ಮೊದಲ ವಾರ ನಾನು ಒಂದೇ ಕೆಲಸ ಕೊಡುತ್ತೇನೆ. ದಿನಕ್ಕೆ ಇಬ್ಬರು ಮಕ್ಕಳನ್ನು ಆರಿಸಿಕೊಂಡು ಅವರು ಆಡಿದ್ದನ್ನು ಬರೆಯಬೇಕು. ‘ಚೆನ್ನಾಗಿ ಆಡಿದ’, ‘ಜಾಣೆ’ ಅಂತ ಬರೆದರೆ ವಾಪಸ್ ಕೊಡುತ್ತೇನೆ. ಏನನ್ನು ಕೈಗೆ ತಗೊಂಡ, ಏನಂದ, ಯಾವುದು ಆಗದೇ ಇದ್ದಾಗ ಮುಂದೆ ಏನು ಮಾಡಿದ, ಅಷ್ಟು ಬೇಕು. ಆ ಹಾಳೆಯನ್ನೇ ಮಧ್ಯಾಹ್ನ ಗೇಟಿನಲ್ಲಿ ಅಮ್ಮನಿಗೋ ಅಜ್ಜನಿಗೋ ಓದಿ ಹೇಳಲಿ ಅಂತ.