ಅಷ್ಟೂರಿನ ಸಕ್ಕರೆ

ಅವ್ವ ಹರಕೆ ಹೊತ್ತಿದ್ದು ತೊಗರಿಗೆ. ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟಿತ್ತು. "ಬೆಳಿ ಕೈಗೆ ಬರಲಿ, ಅಷ್ಟೂರಿಗೆ ಬಂದು ಸಕ್ಕರಿ ಓದಿಸ್ತೀನಿ" ಎಂದು ಹೊಲದಲ್ಲೇ ಕೈ ಮುಗಿದಿದ್ದಳಂತೆ. ಸಕ್ಕರಿ ಓದಿಸೋದು ಅಂದರೆ ದರ್ಗಾದಲ್ಲಿ ಸಕ್ಕರೆ ಇಟ್ಟು ಅದರ ಮೇಲೆ ಫಾತೆಹಾ, ಅಂದರೆ ಕುರಾನಿನ ಪ್ರಾರ್ಥನೆ, ಓದಿಸೋದು. ಬಂದದ್ದು ಅರ್ಧ ಬೆಳೆ. ಹಾಗಂತ ಹರಕೆಯನ್ನು ಅರ್ಧ ತೀರಿಸೋಕೆ ಆಗುತ್ತಾ? ಉರುಸಿನ ಹೊತ್ತಿಗೆ ಕಲಬುರಗಿಯಲ್ಲಿ ಬೀದರ್ ರೈಲು ಹತ್ತಿದೆವು.

ಅಷ್ಟೂರು ಬೀದರ್ ಮಗ್ಗುಲಿನ ಹಳ್ಳಿ. ಬಹಮನಿ ಸುಲ್ತಾನರ ಗುಮ್ಮಟಗಳು ಅಲ್ಲಿ ಸಾಲಾಗಿ ನಿಂತಿವೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ಅಹ್ಮದ್ ಷಾ ಮಲಗಿರುವುದೂ ಅಲ್ಲೇ. 1436ರಲ್ಲಿ ತೀರಿಕೊಂಡ ಅವನು ಮುಸ್ಲಿಮರಿಗೆ ವಲಿ, ಅಂದರೆ ಸಂತ; ನಮ್ಮವರಿಗೆ ಅಲ್ಲಮಪ್ರಭು. ಉರುಸಿನ ದಿನ ಗೊತ್ತು ಮಾಡುವುದು ಹಿಂದೂ ಪಂಚಾಂಗ ನೋಡಿ. ನಮ್ಮ ಆಳಂದ ಕಡೆಯ ಮಾಡಿಯಾಳದಿಂದ ಜಂಗಮರು ಭಕ್ತರ ಜೊತೆ ಅಲ್ಲಿಗೆ ಬರುತ್ತಾರೆ. ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ಪಕ್ಕದಲ್ಲೇ ಫಾತೆಹಾ ನಡೆದಿರುತ್ತದೆ. ಸಣ್ಣವನಿದ್ದಾಗ ಎಲ್ಲ ಊರಿನ ಜಾತ್ರೆಯೂ ಹೀಗೇ ಅಂದುಕೊಂಡಿದ್ದೆ.

ಅವನ ಗುಮ್ಮಟದ ಒಳಗೆ ಕತ್ತಲು. ಒಬ್ಬರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿದರು. ಗೋಡೆಯ ಕೆಂಪು, ಚಿನ್ನದ ಬಣ್ಣದ ಅಕ್ಷರಗಳು ಒಮ್ಮೆಲೇ ಹೊಳೆದವು. ಅವ್ವ ಓದು ಬಾರದವಳು. ಆದರೂ ಆ ಬೆಳಕು ಹೋದ ಕಡೆಯೆಲ್ಲ ಕೈ ಮುಗಿದಳು.

ಅಹ್ಮದ್ ಷಾ ವಲಿ ಆದದ್ದು ಮಳೆಯಿಂದ. ಬರಗಾಲ ಬಿದ್ದಾಗ ಗುಡ್ಡ ಹತ್ತಿ ದೇವರ ಮುಂದೆ ಬೇಡಿದ, ಮಳೆ ಬಂತು ಎನ್ನುತ್ತಾರೆ. ಅವ್ವನಿಗೆ ಅಷ್ಟು ಕತೆ ಸಾಕು. ನನಗೆ ಸಾಲದು. ಇದೇ ಅಹ್ಮದ್ ಷಾ ಅಣ್ಣ ಫಿರೋಜನನ್ನು ಸರಿಸಿ ಪಟ್ಟ ಏರಿದವನು. ವಿಜಯನಗರದ ಮೇಲೆ ಹೋದಾಗ ಹೆಂಗಸರು, ಮಕ್ಕಳನ್ನೂ ಬಿಡದೆ ಕೊಲ್ಲಿಸಿದ ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಜನ ಅದನ್ನೆಲ್ಲ ಮರೆತರೋ, ಬೇಕಂತಲೇ ಬಿಟ್ಟರೋ. ಉಳಿಸಿಕೊಂಡದ್ದು ಮಾತ್ರ ಮಳೆ ಬೇಡಿದ ಆ ಒಂದು ಗಳಿಗೆಯನ್ನು. ಗುಮ್ಮಟಗಳ ಅದೇ ಸಾಲಿನಲ್ಲಿ ಬಹಮನಿ ವಂಶದ್ದೇ ಸುಲ್ತಾನ ಹುಮಾಯೂನನ ಗುಮ್ಮಟವೂ ಇದೆ. ಜನ ಅವನನ್ನು ಜಾಲಿಮ್, ಅಂದರೆ ಕ್ರೂರಿ, ಅಂದರು. ಸಿಡಿಲು ಹೊಡೆದು ಗುಮ್ಮಟ ಸೀಳಿ ಬಿದ್ದಿದೆ, ಅರ್ಧ ಮಾತ್ರ ನಿಂತಿದೆ. ಅಲ್ಲಿ ಯಾರೂ ಸಕ್ಕರೆ ಓದಿಸುವುದಿಲ್ಲ.

ಹೊರಗೆ ಬಂದರೆ ಫ್ಲೆಕ್ಸ್‌ಗಳು. ಕೈ ಮುಗಿದು ನಗುವ ಮುಖಗಳು ದೊಡ್ಡದಾಗಿ, ದರ್ಗಾದ ಚಿತ್ರ ಮೂಲೆಯಲ್ಲಿ ಸಣ್ಣದಾಗಿ. ನಮ್ಮ ಭಾಷೆಯಲ್ಲಿ ಓಟಿಗೂ ಧರ್ಮಕ್ಕೂ ಮತ ಅಂತಲೇ ಅನ್ನುತ್ತೇವೆ, ಅವರು ಗೊಂದಲ ಮಾಡಿಕೊಂಡಿರಬೇಕು! 1951ರ ಜನಪ್ರತಿನಿಧಿ ಕಾಯ್ದೆಯಲ್ಲಂತೂ ಗೊಂದಲವಿಲ್ಲ. ಧರ್ಮದ ಹೆಸರಲ್ಲಿ ಓಟು ಕೇಳುವುದು ಅದರ ಪ್ರಕಾರ ಭ್ರಷ್ಟ ನಡತೆ. ಅಭ್ಯರ್ಥಿಯದಷ್ಟೇ ಅಲ್ಲ, ಮತದಾರನ ಧರ್ಮದ ಹೆಸರಲ್ಲೂ ಕೇಳುವ ಹಾಗಿಲ್ಲ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತು. ನಾಲ್ವರು ಹಾಗೆಂದರು, ಮೂವರು ಒಪ್ಪಲಿಲ್ಲ. ಧರ್ಮ, ಜಾತಿಯ ಕಾರಣಕ್ಕೇ ನೋವು ಉಂಡವರು ಆ ನೋವನ್ನು ಚುನಾವಣೆಯಲ್ಲಿ ಮಾತಾಡಬಾರದಾ ಎಂಬುದು ಆ ಮೂವರ ಚಿಂತೆ. ಅದೂ ಸುಳ್ಳಲ್ಲ. ಆದರೆ ನೋವು ಹೇಳಿಕೊಳ್ಳುವುದು ಬೇರೆ, ಜಾತ್ರೆಗೆ ಬಂದವರ ತಲೆ ಎಣಿಸುವುದು ಬೇರೆ. ಆ ಸುಲ್ತಾನ ಗುಡ್ಡ ಹತ್ತಿದ್ದು ಜನರಿಗಾಗಿ ದೇವರ ಹತ್ತಿರ ಕೇಳೋಕೆ. ಇವರು ದೇವರನ್ನು ಮುಂದಿಟ್ಟುಕೊಂಡು ಜನರ ಹತ್ತಿರವೇ ಕೇಳುತ್ತಾರೆ.

ಬೇವಿನ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ. ಹೆಗಲಿಗೆ ಪಕ್ಷದ ಶಲ್ಯ ಹಾಕಿಕೊಂಡ ಹುಡುಗನೊಬ್ಬ ಬಂದು, ನಗುತ್ತಲೇ "ನೀವು ಯಾರ ಪೈಕಿರಿ?" ಎಂದ. ನನಗೆ ಮೈ ಉರಿಯಿತು. ಅವ್ವ ತಲೆ ಎತ್ತದೆ, "ತೊಗರಿ ಬೆಳಿಯೋರ ಪೈಕಿ. ಈ ಸಲ ಅರ್ಧನೇ ಬಂತು ನೋಡಪ್ಪ. ಕೈ ಹಿಡಿ" ಎಂದಳು.

ಅವನ ಬೊಗಸೆಗೆ ಓದಿಸಿದ ಸಕ್ಕರೆ ಹಾಕಿದಳು. ಅವನು ಶಲ್ಯವನ್ನೇ ತಲೆ ಮೇಲೆ ಎಳೆದುಕೊಂಡು, ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡ. ಆಮೇಲೆ, "ನಮ್ಮ ಹೊಲದಾಗೂ ಹಂಗೇ ಆಗ್ಯದ, ಆಯಿ" ಎಂದು ಅಲ್ಲೇ ಕುಳಿತ.