ಸಾರು ಬೇಕಾ ಅಂದರೆ ಯಾರು ಅನ್ನುತ್ತಿದ್ದ ಅಪ್ಪ

"ಅಪ್ಪ, ಸಾರು ಬೇಕಾ?" ಅಂದೆ. "ಯಾರು? ಯಾರು ಬಂದ್ರು?" ಅಂತ ಅಪ್ಪ ಬಾಗಿಲ ಕಡೆ ನೋಡಿದರು. ನನ್ನ ಮಗಳು ಕಿಸಕ್ಕನೆ ನಕ್ಕಳು. ಅಪ್ಪ ತಲೆ ತಗ್ಗಿಸಿ ಬರೀ ಅನ್ನ ಕಲಸತೊಡಗಿದರು. ಇವರನ್ನು ಸರಿಯಾದ ಕಡೆ ತೋರಿಸಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಕಿವಿ ಮಿಷನ್ ಕೊಂಡಿದ್ದೆವು. ಪರೀಕ್ಷೆ ಅಂತ ಏನೂ ಇರಲಿಲ್ಲ. ಕಿವಿಗೆ ಸಿಕ್ಕಿಸಿ "ಕೇಳುತ್ತಾ?" ಅಂದರು, ಅಪ್ಪ "ಹೂಂ" ಅಂದರು, ದುಡ್ಡು ಕೊಟ್ಟು ಬಂದೆವು. ಮನೆಯಲ್ಲಿ ಒಂದು ತಟ್ಟೆ ಬಿದ್ದರೂ ಅಪ್ಪ ಬೆಚ್ಚಿಬೀಳುತ್ತಿದ್ದರು. ವಾರದಲ್ಲೇ ಅದು ಬೀರು ಸೇರಿತು. ಆಮೇಲೆ ನಮಗೆಲ್ಲ ಅಪ್ಪನ ಮೇಲೇ ಸಿಟ್ಟು. "ಬೇಕಾದ್ದು ಮಾತ್ರ ಕೇಳಿಸುತ್ತೆ ಇವರಿಗೆ" ಅಂತ ನಾನೂ ಅಂದಿದ್ದೇನೆ.

ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. 1965ರಿಂದ ಇರುವ ಜಾಗ, ಜನ ಸ್ಪೀಚ್ ಅಂಡ್ ಹಿಯರಿಂಗ್ ಅಂತಲೇ ಕರೆಯೋದು. ಕಿವಿಯ ಡಾಕ್ಟರು ನೋಡಿ, ಗುಗ್ಗೆ ಇಲ್ಲ, ತಮಟೆ ಸರಿಯಾಗಿದೆ ಅಂದರು. ಅಲ್ಲಿಂದ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತೆ ಅಂತ ಪರೀಕ್ಷೆ ಮಾಡುವವರ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು.

ದಪ್ಪ ಬಾಗಿಲಿನ ಕೋಣೆ. ಒಳಗೆ ಹೋದರೆ ನಮ್ಮ ಉಸಿರೇ ನಮಗೆ ಕೇಳುವಷ್ಟು ಮೌನ. ಅಪ್ಪನಿಗೆ ಹೆಡ್‌ಫೋನ್ ಹಾಕಿ, ಸದ್ದು ಬಂದಾಗ ಒತ್ತಲು ಒಂದು ಬಟನ್ ಕೊಟ್ಟರು. ಆಮೇಲೆ ಕಿವಿಯ ಹಿಂದಿನ ಮೂಳೆಗೆ ಏನೋ ಇಟ್ಟು ಮತ್ತೆ ಪರೀಕ್ಷೆ. ತೊಂದರೆ ಹೊರಗಿನದ್ದಾ ಒಳಕಿವಿಯದ್ದಾ ಅಂತ ಅದರಿಂದ ಗೊತ್ತಾಗುತ್ತಂತೆ. ಕೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಗೆರೆಯಾಗಿ ಬರೆದರು, ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ 4000 ಹರ್ಟ್ಸ್ ಹತ್ತಿರ, ಅಂದರೆ ಕೀಚಲು ದನಿಯ ಕಡೆ, ಧಡಕ್ಕನೆ ಕೆಳಗಿಳಿದಿತ್ತು.

ಅವರು ಹಾಳೆ ನೋಡಿ, "ಯಜಮಾನ್ರೇ, ಏನು ಕೆಲಸ ಮಾಡ್ತಿದ್ರಿ? ತುಂಬ ಸದ್ದಿನ ಜಾಗವಾ?" ಅಂತ ಕೇಳಿದರು.

"ಹಿಟ್ಟಿನ ಮಿಲ್ಲು. ಮೂವತ್ತೆರಡು ವರ್ಷ."

ನನಗೆ ಮಾತೇ ಹೊರಡಲಿಲ್ಲ. ನಮ್ಮನ್ನು ಸಾಕಿದ, ಓದಿಸಿದ ಮಿಲ್ಲು ಅದು. ಅದರ ಸದ್ದು ಇಷ್ಟು ವರ್ಷ ಅಪ್ಪನ ಕಿವಿಯನ್ನು ಸವೆಸುತ್ತಿತ್ತು ಅಂತ ಯಾರೂ ಯೋಚಿಸಿರಲಿಲ್ಲ. ಈಗ ಅಲ್ಲಿ ನನ್ನ ತಮ್ಮ ಇದ್ದಾನೆ ಅಂದಾಗ, "ಅವರಿಗೂ ಪರೀಕ್ಷೆ ಮಾಡಿಸಿ, ಕಿವಿಗೆ ಪ್ಲಗ್ ಹಾಕಿಕೊಳ್ಳೋಕೆ ಹೇಳಿ" ಅಂದರು.

ದಪ್ಪ ದನಿ ಅಪ್ಪನಿಗೆ ಚೆನ್ನಾಗೇ ಕೇಳುತ್ತೆ. ಸ, ತ, ಕ ತರಹದ ಸಣ್ಣ ಸದ್ದುಗಳು ಕೇಳೋದಿಲ್ಲ. "ಯಾರೋ ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಬಿಡಿಸೋಕೆ ಆಗಲ್ಲ" ಅಂತ ಆಡಿಯಾಲಜಿಸ್ಟ್ ಅಂದರು. ಸಾರಿನಲ್ಲಿ ಸಕಾರ ಹೋದರೆ ಉಳಿಯೋದು ಆರು. ಅದನ್ನೇ ಅಪ್ಪ ಯಾರು ಅಂತ ಜೋಡಿಸಿಕೊಂಡಿದ್ದರು. ತಮ್ಮ ಮಾತಾಡಿದರೆ ತಿಳಿಯುತ್ತಿತ್ತು, ಮೊಮ್ಮಗಳದ್ದು ತಿಳಿಯುತ್ತಿರಲಿಲ್ಲ. ಅದನ್ನೇ ನಾವು ಬೇಕಾದ್ದು ಮಾತ್ರ ಕೇಳಿಸುತ್ತೆ ಅಂದಿದ್ದು.

ಅಂಗಡಿಯ ಮಿಷನ್ ಏಕೆ ಸರಿಹೋಗಲಿಲ್ಲ ಅನ್ನೋದೂ ಆಗ ಅರ್ಥವಾಯಿತು. ಇಂಥ ಕಿವಿಗೆ ಮೆಲ್ಲನೆಯ ಸದ್ದು ಕೇಳೋದಿಲ್ಲ, ಜೋರು ಸದ್ದು ಮಾತ್ರ ನಮಗೆ ಬಡಿದಂತೆಯೇ ಬಡಿಯುತ್ತೆ. ಎಲ್ಲವನ್ನೂ ಒಂದೇ ಸಮ ಹೆಚ್ಚಿಸಿದರೆ ತಟ್ಟೆ ಬಿದ್ದದ್ದು ಬಾಂಬಿನ ಹಾಗೆ! ಇವರು ಹೊಸ ಮಿಷನ್ನನ್ನು ಕಂಪ್ಯೂಟರಿಗೆ ಜೋಡಿಸಿ, ಆ ಹಾಳೆಯ ಗೆರೆಗೆ ತಕ್ಕಂತೆ ಎಲ್ಲಿ ಎಷ್ಟು ಬೇಕೋ ಅಷ್ಟೇ ಏರಿಸಿದರು. ಕಿವಿಯೊಳಗೆ ಎಳೆಯಂಥ ಕೊಳವೆ ಇಟ್ಟು ಎಷ್ಟು ಸದ್ದು ತಲುಪುತ್ತಿದೆ ಅಂತ ಅಳೆದರು. ಹೋದ ಕಿವಿ ಪೂರ್ತಿ ವಾಪಸ್ ಬರಲ್ಲ, ಅಭ್ಯಾಸಕ್ಕೆ ವಾರಗಟ್ಟಲೆ ಬೇಕು ಅಂತಲೂ ನೇರವಾಗೇ ಹೇಳಿದರು. "ಅಡುಗೆಮನೆಯಿಂದ ಕೂಗಬೇಡಿ ಮೇಡಂ, ಎದುರಿಗೆ ಬಂದು ನಿಧಾನವಾಗಿ ಮಾತಾಡಿ" ಅನ್ನೋದು ನನಗೆ.

ಮುಂದಿನ ಸಲ ಹೋದಾಗ ಅಪ್ಪ ಜೇಬಿನಿಂದ ಒಂದು ಚೀಟಿ ತೆಗೆದರು. ಮಿಲ್ಲಿನ ಲೆಕ್ಕ ಬರೆಯುವ ಹಾಗೆ ಸಾಲಾಗಿ ಬರೆದಿದ್ದರು. ಕುಕ್ಕರ್ ಸೀಟಿ ಜಾಸ್ತಿ. ಫ್ಯಾನ್ ಗಾಳಿ ಜಾಸ್ತಿ. ದೇವಸ್ಥಾನದಲ್ಲಿ ಮಾತು ತಿಳಿಯಲ್ಲ. ಅವರು ಒಂದೊಂದೇ ಓದಿ, ಒಂದೊಂದನ್ನೇ ಸರಿಮಾಡುತ್ತ ಬಂದರು. ಕೊನೆಯ ಸಾಲು, ಮೊಮ್ಮಗಳು ಬೇಗ ಬೇಗ ಮಾತಾಡುತ್ತಾಳೆ ಅಂತ.

"ಇದಕ್ಕೆ ಮಿಷನ್ ಸಾಲದು ಯಜಮಾನ್ರೇ" ಅಂದರು. "ಮುಂದಿನ ಸಲ ಅವಳನ್ನೂ ಕರ್ಕೊಂಡು ಬನ್ನಿ."