ಮಿನ್ನೆಸೋಟದ ಸ್ಟೇಟ್ ಫೇರ್‌ಗೆ ಮನೆಮಂದಿಯೊಂದಿಗೆ ಹೋಗುವವರಿಗೆ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಆಗಸ್ಟ್ ತಿಂಗಳ ಕೊನೆ ಬಿಡುವಿಲ್ಲದ ಕಾಲ. ಬೇಸಿಗೆ ಕಳೆಯಲು ಊರಿನಿಂದ ಬಂದ ಹಿರಿಯರು ಮನೆಯಲ್ಲಿರುತ್ತಾರೆ, ಮಕ್ಕಳ ಶಾಲೆ ಇನ್ನೇನು ಶುರುವಾಗಲಿರುತ್ತದೆ, ಎಷ್ಟೋ ವರ್ಷ ಗೌರಿ-ಗಣೇಶ ಹಬ್ಬವೂ ಅದೇ ಹೊತ್ತಿಗೆ ಬರುತ್ತದೆ. ಇಷ್ಟರ ನಡುವೆಯೂ ಒಂದು ದಿನವನ್ನು ಸ್ಟೇಟ್ ಫೇರ್ ಎಂಬ ರಾಜ್ಯಮಟ್ಟದ ವಾರ್ಷಿಕ ಮೇಳಕ್ಕೆಂದೇ ಎತ್ತಿಡುವುದು ನಮ್ಮ ಮನೆಯಲ್ಲಿ ವರ್ಷ ವರ್ಷವೂ ನಡೆದು ಬಂದಿರುವ ಪದ್ಧತಿ.

1859ರಲ್ಲಿ ಆರಂಭವಾದ ಈ ಮೇಳವು 1885ರಿಂದ ಸೇಂಟ್ ಪಾಲ್ ಮತ್ತು ಮಿನ್ನಿಯಾಪೊಲಿಸ್ ನಗರಗಳ ನಡುವಿನ ಫಾಲ್ಕನ್ ಹೈಟ್ಸ್‌ನಲ್ಲಿ ನಡೆಯುತ್ತಿದ್ದು, ಸೆಪ್ಟೆಂಬರ್‌ನ ಮೊದಲ ಸೋಮವಾರ ಬರುವ ಕಾರ್ಮಿಕ ದಿನಕ್ಕೆ ಮುಗಿಯುವಂತೆ 12 ದಿನ ಇರುತ್ತದೆ. ಮೈದಾನ 320 ಎಕರೆಗೂ ದೊಡ್ಡದು. 2019ರಲ್ಲಿ 21 ಲಕ್ಷಕ್ಕೂ ಹೆಚ್ಚು ಮಂದಿ ಬಂದಿದ್ದರು. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸುವ ಆಸೆಯನ್ನು ಬಿಟ್ಟು, ಏನನ್ನು ನೋಡಬೇಕೆಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡುವುದು ಒಳ್ಳೆಯದು. ಕರಿದ ತಿಂಡಿಗಳಿಗೂ ತಿರುಗುವ ತೊಟ್ಟಿಲುಗಳಿಗೂ ಹೆಸರಾಗಿದ್ದರೂ ಇದು ಮೂಲತಃ ರೈತರ ಮೇಳ. ಆ ಭಾಗವನ್ನು ಮೊದಲು ನೋಡಿ, ಉಳಿದದ್ದನ್ನು ಆಮೇಲೆ ಇಟ್ಟುಕೊಳ್ಳಿ ಎಂಬುದೇ ನನ್ನ ಮುಖ್ಯ ಸಲಹೆ.

ಕಾರನ್ನು ಮೈದಾನದವರೆಗೂ ಒಯ್ಯುವ ಯೋಚನೆ ಬೇಡ. ಊರಿನ ಹಲವು ಕಡೆ ವಾಹನ ನಿಲ್ಲಿಸಿ ಉಚಿತ ಬಸ್ಸಿನಲ್ಲಿ ಹೋಗುವ ವ್ಯವಸ್ಥೆ ಇದೆ. ಟಿಕೆಟನ್ನು ಮೇಳ ಆರಂಭವಾಗುವ ಮುನ್ನವೇ ಕೊಂಡರೆ ರಿಯಾಯಿತಿ ದೊರೆಯುತ್ತದೆ. 4 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಸಾಧ್ಯವಾದರೆ ವಾರದ ನಡುವಿನ ದಿನವನ್ನು ಆರಿಸಿಕೊಂಡು, ಬೆಳಗ್ಗೆ ಬೇಗನೆ ತಲುಪಿ. ಮಧ್ಯಾಹ್ನದ ಹೊತ್ತಿಗೆ ಮುಖ್ಯ ಬೀದಿಗಳಲ್ಲಿ ಹೆಜ್ಜೆ ಇಡಲೂ ಜಾಗವಿರುವುದಿಲ್ಲ, ಬಿಸಿಲೂ ಏರಿರುತ್ತದೆ.

ಬೆಳಗಿನ ಹೊತ್ತನ್ನು ದನದ ಕೊಟ್ಟಿಗೆಗಳಿಗೆ ಮೀಸಲಿಡಿ. ಫೋರ್-ಎಚ್ ಎಂಬ ಯುವಜನ ಸಂಘಟನೆಯ ಮಕ್ಕಳು ತಾವೇ ಸಾಕಿದ ರಾಸುಗಳನ್ನು ಮೀಯಿಸಿ, ಮೈ ಒಣಗಿಸಿ, ಕೂದಲು ಕತ್ತರಿಸಿ ಸ್ಪರ್ಧೆಗೆ ಸಿದ್ಧಪಡಿಸುವುದನ್ನು ಹತ್ತಿರದಿಂದ ನೋಡಬಹುದು. ಎಲ್ಲ ರಾಸುಗಳೂ ಹನ್ನೆರಡು ದಿನವೂ ಇರುವುದಿಲ್ಲವಾದ್ದರಿಂದ ಆ ದಿನದ ಕಾರ್ಯಕ್ರಮ ಪಟ್ಟಿಯನ್ನು ನೋಡಿಕೊಂಡೇ ಹೋಗಬೇಕು. ಹಾಸನದ ಕಡೆಯ ನಮ್ಮ ಮಾವನವರು ಊರಿನ ಡೇರಿಗೆ ವರ್ಷಗಟ್ಟಲೆ ಹಾಲು ಹಾಕಿದವರು. ಹೋಲ್‌ಸ್ಟೀನ್ (ಊರಿನಲ್ಲಿ ಎಚ್.ಎಫ್. ಎಂದು ಕರೆಯುವ ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಎಂಬ ಫಲಕ ಓದುವ ಮೊದಲೇ ‘ಇದು ನಮ್ಮ ಎಚ್.ಎಫ್. ಅಲ್ಲವೇನಮ್ಮ’ ಎಂದು ಗುರುತಿಸಿ, ಬಗ್ಗಿ ಕೆಚ್ಚಲಿನ ಕಟ್ಟನ್ನು ನೋಡಿದರು. ಹೊತ್ತಿಗೆ ಎಷ್ಟು ಹಾಲು, ಏನು ಮೇವು, ಇದು ಎಷ್ಟನೆಯ ಸೂಲು ಎಂದು ಅವರು ಕೇಳಿದ್ದನ್ನೆಲ್ಲ ನನ್ನ ಮಗಳು ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಹಸುವಿನ ಹಗ್ಗ ಹಿಡಿದಿದ್ದ ಹುಡುಗ ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟ. ಹಿರಿಯರನ್ನು ಕರೆದುಕೊಂಡು ಹೋಗುವವರು ಇಂಥ ಮಾತುಕತೆಗೆ ಸಮಯವಿಟ್ಟುಕೊಳ್ಳಬೇಕು. ಅಲ್ಲಿನ ಮಕ್ಕಳು ಕೇಳಿದರೆ ಸಂತೋಷದಿಂದ ವಿವರಿಸುತ್ತಾರೆ.

ಅಲ್ಲೇ ಸಮೀಪದ ‘ಮಿರಾಕಲ್ ಆಫ್ ಬರ್ತ್’ ಕೇಂದ್ರದಲ್ಲಿ ಹಸು, ಕುರಿ, ಹಂದಿಗಳು ಜನರೆದುರೇ ಮರಿ ಹಾಕುತ್ತವೆ, ಪಶುವೈದ್ಯರು ಏನಾಗುತ್ತಿದೆ ಎಂಬುದನ್ನು ತಿಳಿಸಿ ಹೇಳುತ್ತಾರೆ. ಚಿಕ್ಕ ಮಕ್ಕಳಿಗೆ ಮುಂಚೆಯೇ ಒಂದಿಷ್ಟು ಹೇಳಿ ಕರೆದೊಯ್ಯಿರಿ. ಹಸು ಕರು ಹಾಕುವುದಕ್ಕೆ ಹೊತ್ತು ಹಿಡಿಯುತ್ತದೆ, ಕಾಯುವ ತಾಳ್ಮೆ ಬೇಕು.

ಡೇರಿ ಕಟ್ಟಡದ ಬೆಣ್ಣೆಯ ಶಿಲ್ಪವನ್ನು ಯಾರೂ ಬಿಡಬಾರದು. ಹೈನುಗಾರಿಕೆಯ ಪ್ರತಿನಿಧಿಯಾಗಿ ಆಯ್ಕೆಯಾದ ಯುವತಿಗೆ ‘ಪ್ರಿನ್ಸೆಸ್ ಕೇ ಆಫ್ ದಿ ಮಿಲ್ಕಿ ವೇ’ ಎಂಬ ಬಿರುದು. ಆಕೆಯದೂ ಅಂತಿಮ ಸುತ್ತಿಗೆ ಬಂದ ಇತರರದೂ ಮುಖವನ್ನು ಸುಮಾರು 40 ಕಿಲೋ ತೂಕದ ಒಂದೊಂದು ಬೆಣ್ಣೆಯ ಗಟ್ಟಿಯಲ್ಲಿ ಕಡೆಯುತ್ತಾರೆ. ನಿಧಾನವಾಗಿ ತಿರುಗುವ ಗಾಜಿನ ಶೀತಲ ಕೋಣೆಯೊಳಗೆ ಯುವತಿ ದಪ್ಪ ಕೋಟು ತೊಟ್ಟು ಗಂಟೆಗಟ್ಟಲೆ ಕೂತಿರುತ್ತಾಳೆ, ಹೊರಗೆ ನಾವು ಬೆವರು ಒರೆಸಿಕೊಳ್ಳುತ್ತ ನೋಡುತ್ತೇವೆ. ಲಿಂಡಾ ಕ್ರಿಸ್ಟೆನ್ಸನ್ ಎಂಬ ಶಿಲ್ಪಿ 1972ರಿಂದ 2021ರವರೆಗೆ ಈ ಕೆಲಸ ಮಾಡಿದವರು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕೃಷಿ-ತೋಟಗಾರಿಕೆ ಕಟ್ಟಡದಲ್ಲಿರುವ ಬೀಜಗಳ ಚಿತ್ರಕಲೆ. ಬಣ್ಣ ಹಚ್ಚಿದ್ದಿರಬೇಕು ಎಂದು ದೂರದಿಂದ ಅನಿಸುವ ಚಿತ್ರದ ಬಳಿ ಹೋದರೆ ಅಗಸೆ, ಗಸಗಸೆ, ಸಿರಿಧಾನ್ಯ, ದಂಟಿನ ಬೀಜಗಳನ್ನು ಒತ್ತೊತ್ತಾಗಿ ಅಂಟಿಸಿರುವುದು ಕಾಣುತ್ತದೆ. ಬಳಸಿದ ಬೀಜಗಳ ಮಾದರಿಯನ್ನು ಹೆಸರಿನೊಂದಿಗೆ ಅಲ್ಲೇ ಅಂಟಿಸಿಟ್ಟಿರುತ್ತಾರೆ. ಅತ್ತೆಯವರು ಆ ಪಟ್ಟಿಯ ಮೇಲೆ ಬೆರಳಾಡಿಸುತ್ತ ಒಂದೊಂದನ್ನೂ ಕನ್ನಡದಲ್ಲಿ ಹೆಸರಿಸಿದಾಗ ಮಕ್ಕಳು ಕಲಿತ ಹೆಸರುಗಳನ್ನು ಇಂದಿಗೂ ಮರೆತಿಲ್ಲ. ಸಾಲು ಉದ್ದವಿರುತ್ತದೆ, ನಿಂತು ನೋಡಲು ಯೋಗ್ಯವಾದದ್ದು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಹಿಂಜರಿಯಬೇಕಾಗಿಲ್ಲ. ಮನೆಯ ಆಹಾರವನ್ನು ಒಳಗೆ ಒಯ್ಯಲು ಅವಕಾಶವಿರುವುದರಿಂದ ನಾವು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುತ್ತೇವೆ. ಸಿಪ್ಪೆಯೊಂದಿಗೆ ಸುಟ್ಟು ಕರಗಿದ ಬೆಣ್ಣೆಯಲ್ಲಿ ಅದ್ದಿ ಕೊಡುವ ಮುಸುಕಿನ ಜೋಳ ಬಹಳ ರುಚಿ; ಜೊತೆಗೆ ಉಪ್ಪು-ಖಾರದ ಪೊಟ್ಟಣ, ಒಂದು ನಿಂಬೆಹಣ್ಣು ಇಟ್ಟುಕೊಂಡಿದ್ದರೆ ಇನ್ನೂ ಚೆನ್ನ. ಹಿಟ್ಟಿನಲ್ಲಿ ಅದ್ದಿ ಕರಿದ ಚೀಸ್ ತುಣುಕುಗಳು ಇಲ್ಲಿನ ಪ್ರಸಿದ್ಧ ತಿಂಡಿ. ಆದರೆ ಮಾಂಸ ಕರಿದ ಎಣ್ಣೆಯನ್ನೇ ಬಳಸುತ್ತಾರೆಯೇ, ಚೀಸಿಗೆ ಹಾಲು ಹೆಪ್ಪುಗಟ್ಟಿಸುವ ಪ್ರಾಣಿಜನ್ಯ ರೆನ್ನೆಟ್ ಹಾಕಿದ್ದಾರೆಯೇ ಎಂದು ನಿಯಮವಿಟ್ಟುಕೊಂಡವರು ಕೇಳಿ ತಿನ್ನಬೇಕು. ಕಾರ್ನ್ ಡಾಗ್ ಎಂಬ ಹೆಸರಿನಲ್ಲಿ ಜೋಳವಿದ್ದರೂ ಒಳಗಿರುವುದು ಮಾಂಸ.

ಹಿರಿಯರಿಗೆ ಬಾಡಿಗೆಗೆ ಗಾಲಿಕುರ್ಚಿ ದೊರೆಯುತ್ತದೆ. ನಡೆಯಬಲ್ಲೆವು ಎಂದವರಿಗೂ ಮಧ್ಯಾಹ್ನದ ಮೇಲೆ ಅದು ಬೇಕಾಗುತ್ತದೆ. ಬಿಸಿಲಿನ ಹೊತ್ತಿನಲ್ಲಿ 1915ರಿಂದ ನಡೆಯುತ್ತಿರುವ ‘ಯೇ ಓಲ್ಡ್ ಮಿಲ್’ ಎಂಬ ದೋಣಿ ವಿಹಾರಕ್ಕೆ ಹೋದರೆ ಕತ್ತಲ ಕಾಲುವೆಯಲ್ಲಿ ಕೂತು ಕಾಲಿಗೆ ವಿಶ್ರಾಂತಿ ಕೊಡಬಹುದು. ಮಕ್ಕಳ ಜೇಬಿನಲ್ಲಿ ನಿಮ್ಮ ದೂರವಾಣಿ ಸಂಖ್ಯೆ ಬರೆದ ಚೀಟಿಯಿರಲಿ.

ಪ್ರತಿವರ್ಷ ಹೋಗುವ ಮನಸ್ಸಿದ್ದವರು ಸ್ಪರ್ಧೆಗಳಲ್ಲೂ ಭಾಗವಹಿಸಬೇಕೆಂದು ಒತ್ತಿ ಹೇಳುತ್ತೇನೆ. ಹೊಲಿಗೆ, ಹೆಣಿಗೆ, ಅಡಿಗೆ, ತರಕಾರಿ, ಬೀಜದ ಚಿತ್ರ ಮುಂತಾದವುಗಳಿಗೆ ಮೇಳಕ್ಕೆ ಮೊದಲೇ ಹೆಸರು ನೋಂದಾಯಿಸಬೇಕಾಗಿರುವುದರಿಂದ ಬೇಸಿಗೆಯ ಆರಂಭದಲ್ಲೇ ನಿಯಮಗಳನ್ನು ಓದಿಕೊಳ್ಳಿ. ಬೀಜದ ಚಿತ್ರಕ್ಕೆ ಮಿನ್ನೆಸೋಟದಲ್ಲಿ ಬೆಳೆಯುವ ಬೆಳೆಗಳ ಬೀಜಗಳನ್ನಷ್ಟೇ ಬಳಸಬೇಕಾದ್ದರಿಂದ, ಅಡಿಗೆಮನೆಯ ಡಬ್ಬಕ್ಕೆ ಕೈ ಹಾಕುವ ಮೊದಲು ಪಟ್ಟಿಯನ್ನು ನೋಡಿಕೊಳ್ಳುವುದು ಅಗತ್ಯ.